ಪಟ್ಟಿ ಪಂಡಿತರ ಮಡಿ

ಸಂಜೆ ಆರರ ಮೇಲೆ ಪುಣೆ ಕ್ಯಾಂಪಿನ ಎಂ. ಜಿ. ರೋಡಿನ ಯಾವ ಕಾಸ್ಮೆಟಿಕ್ಸ್ ಅಂಗಡಿಗೆ ಹೊಕ್ಕರೂ ಒಬ್ಬ ಪಟ್ಟಿ ಪಂಡಿತರು ಕಣ್ಣಿಗೆ ಬೀಳುತ್ತಾರೆ. ಉಳಿದ ಗಿರಾಕಿಗಳು ಡಬ್ಬಿಯ ಮುಂಭಾಗ ನೋಡಿ ಬೆಲೆ ಕೇಳಿದರೆ, ಇವರು ಡಬ್ಬಿಯನ್ನು ಕೈಗೆತ್ತಿಕೊಂಡ ಕೂಡಲೇ ಅಂಗಾತ ಮಾಡಿ ಬೆನ್ನು ಓದಲು ಶುರು ಮಾಡುತ್ತಾರೆ. ಅಕ್ಷರ ಎಳ್ಳುಕಾಳಿಗಿಂತ ಸಣ್ಣದಿರುತ್ತದೆ. ಹಾಗಾಗಿ ಮೊಬೈಲಿನಲ್ಲಿ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ, ತಮ್ಮ ಬಳಿ ಮೊದಲೇ ಇಟ್ಟುಕೊಂಡ ‘ರೋಮರಂಧ್ರ ಮುಚ್ಚುವ ಪದಾರ್ಥಗಳ ಪಟ್ಟಿ’ಯ ಜೊತೆ ಸಾಲುಸಾಲಾಗಿ ತಾಳೆ ನೋಡುತ್ತಾರೆ. ಅಂಗಡಿಯವರು ‘ಬೋಲಾ, ಕಾಯ್ ದೇಊ?’ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಕೇಳುವುದನ್ನು ಬಿಟ್ಟು ಬೇರೆ ಗಿರಾಕಿಯ ಕಡೆ ತಿರುಗುತ್ತಾರೆ. ಹನ್ನೊಂದನೆಯ ಹೆಸರಿನ ಹತ್ತಿರ ಪಂಡಿತರ ಹುಬ್ಬು ಮೇಲೇರುತ್ತದೆ: ಐಸೊಪ್ರೊಪೈಲ್ ಮಿರಿಸ್ಟೇಟ್! ಡಬ್ಬಿ ಶೆಲ್ಫಿಗೆ ವಾಪಸ್. ಈ ಪಂಡಿತರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಕೆಲವರು ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಮಗರಪಟ್ಟಾದಲ್ಲೋ ಖರಾಡಿಯಲ್ಲೋ ನೌಕರಿಗಿರುವವರು, ಶನಿವಾರ ಕ್ಯಾಂಪಿಗೆ ಬರುವವರು. ಊರಿನಿಂದ ಫೋನಿನಲ್ಲಿ ಅವ್ವ, ‘ಗುಳ್ಳಿ ಎದ್ದಾವಂದ್ರ ರಾತ್ರಿ ಸ್ವಲ್ಪ ಕೊಬ್ರಿ ಎಣ್ಣಿ ಹಚ್ಚಿ ಮಲಗಪಾ’ ಎಂದರೆ ಇತ್ತ ಕಡೆಯಿಂದ ಸಿಡಿಲಿನಂತೆ ಉತ್ತರ ಹೋಗುತ್ತದೆ: ‘ಅವ್ವಾ, ಅದು ನಾಕನೇ ನಂಬರಿಂದದ!’

ನಾಲ್ಕನೇ ನಂಬರು ಅಂದರೆ ಏನೆಂದು ಅವ್ವನಿಗೆ ತಿಳಿಯದು, ಪಂಡಿತರಿಗೂ ಪೂರ್ತಿ ತಿಳಿಯದು. ಸೊನ್ನೆಯಿಂದ ಐದರವರೆಗೆ ಅಂಕ. ಸೊನ್ನೆ ನಿರುಪದ್ರವಿ, ಐದು ಮಹಾಪಾಪಿ. ಕೊಬ್ಬರಿ ಎಣ್ಣೆ ಮತ್ತು ಕೋಕೋ ಬೆಣ್ಣೆ ನಾಲ್ಕು. ಇಷ್ಟು ಗೊತ್ತಿದ್ದರೆ ಪಾಂಡಿತ್ಯ ಬಂದಂತೆಯೇ. ಪಂಡಿತರನ್ನು ಮೂಢನಂಬಿಕೆಯವರು ಎನ್ನುವುದು ತಪ್ಪು. ಅವರು ಓದಿದವರು, ಜಾಹೀರಾತಿಗೆ ಮರುಳಾಗದವರು, ದುಡ್ಡು ಕೊಡುವ ಮುಂಚೆ ಒಳಗೇನಿದೆ ಎಂದು ಕೇಳುವವರು. ಆದರೆ ಅವರ ತರ್ಕದ ಕಟ್ಟಡ ನೋಡಿದರೆ ಅದು ಅಜ್ಜಿಯ ಮಡಿಯದೇ ಕಟ್ಟಡ. ಮಡಿಗೆ ಅಳತೆ ಎಂಬುದಿಲ್ಲ. ಸೆರಗು ತಾಗಿದರೂ ಮೈಲಿಗೆ, ಮೈಯೆಲ್ಲ ತಾಗಿದರೂ ಅಷ್ಟೇ ಮೈಲಿಗೆ. ಪಟ್ಟಿಯಲ್ಲಿರುವ ಹೆಸರು ಡಬ್ಬಿಯ ಮೇಲೂ ಇದ್ದರೆ ಡಬ್ಬಿ ಕೆಟ್ಟಿತು. ಎಷ್ಟಿದೆ, ಯಾವುದರ ಜೊತೆ ಬೆರೆತಿದೆ, ಯಾರ ಚರ್ಮಕ್ಕೆ ಎಂಬ ಪ್ರಶ್ನೆಗಳೇ ಏಳುವುದಿಲ್ಲ. ಮೊಡವೆಯ ವಿಷಯದಲ್ಲಿ ಇಡೀ ಮಾತು ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆ.

ಅಂಕಗಳು ಹುಟ್ಟಿದ್ದು ಮೊಲದ ಕಿವಿಯಲ್ಲಿ. ಕಾರ್ಖಾನೆಯ ಕ್ಲೋರಿನ್ ರಾಸಾಯನಿಕಗಳಿಂದ ಕಾರ್ಮಿಕರ ಮೈಮೇಲೆ ಗುಳ್ಳೆ ಏಳುತ್ತಿದ್ದುದನ್ನು ಪರೀಕ್ಷಿಸಲು ಮೊದಲು ಬಳಕೆಗೆ ಬಂದ ಆ ಕಿವಿಯನ್ನು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು ಸೌಂದರ್ಯವರ್ಧಕಗಳಿಗೆ ತಿರುಗಿಸಿದರು. ಪ್ರಸಾಧನಗಳಿಂದಲೂ ಮೊಡವೆ ಬರುತ್ತದೆ ಎಂದು ಕ್ಲಿಗ್ಮನ್ ಮತ್ತು ಸಂಗಡಿಗ ಮಿಲ್ಸ್ ಬರೆದದ್ದು 1972ರಲ್ಲಿ. ಆಮೇಲೆ ಜೇಮ್ಸ್ ಫುಲ್ಟನ್ ಎಂಬವರು 1984 ಮತ್ತು 1989ರಲ್ಲಿ ಪದಾರ್ಥಗಳನ್ನು ಒಂದೊಂದಾಗಿ ಮೊಲದ ಕಿವಿಯ ಒಳಮೈಗೆ ಹಚ್ಚಿ ಅಂಕ ಕೊಟ್ಟರು. ವಾರಕ್ಕೆ 5 ದಿನದಂತೆ 2 ವಾರ ಹಚ್ಚಬೇಕು. ಮೊಲಕ್ಕೂ ಶನಿವಾರ ಭಾನುವಾರ ರಜೆ. ಇಂದು ಪಂಡಿತರ ಮೊಬೈಲಿನಲ್ಲಿರುವ ಪಟ್ಟಿಗಳ ಬಹುಪಾಲು ವಂಶಾವಳಿ ಹಿಡಿದು ಹೋದರೆ ಇಲ್ಲಿಗೇ ಬಂದು ಮುಟ್ಟುತ್ತದೆ. ಮೊಲದ ಕಿವಿಯ ರಂಧ್ರಗಳು ಮನುಷ್ಯರ ಮುಖಕ್ಕಿಂತ ಬಹಳ ಬೇಗ, ಬಹಳ ಜೋರಾಗಿ ಕಟ್ಟಿಕೊಳ್ಳುತ್ತವೆ. ಇದನ್ನು ಆ ವಿಜ್ಞಾನಿಗಳೂ ಬಲ್ಲರು. ಅದಕ್ಕೇ ಮಿಲ್ಸ್ ಮತ್ತು ಕ್ಲಿಗ್ಮನ್ 1982ರಲ್ಲಿ ಮನುಷ್ಯರ ಬೆನ್ನಿನ ಮೇಲೆ ಪ್ಯಾಚು ಅಂಟಿಸಿ ನೋಡುವ ವಿಧಾನ ತಂದರು. ಹಾಗೆಂದು ಮೊಲದ ಕಿವಿ ಪೂರಾ ಸುಳ್ಳು ಹೇಳಿತು ಎನ್ನುವಂತಿಲ್ಲ. ಮೊಲದ ಕಿವಿಯಲ್ಲಿ ಏನೂ ಆಗದಿದ್ದರೆ ನಮ್ಮ ಮುಖದಲ್ಲಿ ಆಗುವ ಸಂಭವ ಕಡಿಮೆ. ‘ಇಲ್ಲ’ ಎಂದಾಗ ಅದನ್ನು ನಂಬಬಹುದು, ‘ಹೌದು’ ಎಂದಾಗ ಅಷ್ಟು ನಂಬುವಂತಿಲ್ಲ. ಪಂಡಿತರು ಹಿಡಿದುಕೊಂಡಿರುವುದು ‘ಹೌದು’ಗಳನ್ನು ಮಾತ್ರ. ಇನ್ನೊಂದು ತಮಾಷೆ ಎಂದರೆ, ಇದೇ ಪಂಡಿತರು ಡಬ್ಬಿಯ ಮೇಲೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬ ಮೊಲದ ಚಿತ್ರವನ್ನೂ ಹುಡುಕುತ್ತಾರೆ. ಭಾರತದಲ್ಲಿ ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆಗೆ 2014ರಲ್ಲೇ ನಿಷೇಧ ಬಂದಿದೆ. ಒಂದು ಕೈಯಲ್ಲಿ ಮೊಲಕ್ಕೆ ಅಭಯ, ಇನ್ನೊಂದು ಕೈಯಲ್ಲಿ ಮೊಲದ ಕಿವಿಯಿಂದಲೇ ಬಂದ ಪಟ್ಟಿ.

ಇನ್ನು ಡಬ್ಬಿಯ ಬೆನ್ನಿಗೆ ಬರೋಣ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕೂ ಕಡಿಮೆ ಇರುವವನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಅಂದರೆ ಪಂಡಿತರ ಹುಬ್ಬೇರಿಸಿದ ಹನ್ನೊಂದನೆಯ ಹೆಸರು ಶೇಕಡಾ 3 ಇರಬಹುದು, ಶೇಕಡಾ 0.1 ಕೂಡ ಇರಬಹುದು; ಡಬ್ಬಿ ಅದನ್ನು ಹೇಳುವುದಿಲ್ಲ. ಬಿಡಿಯಾಗಿ ರಂಧ್ರ ಮುಚ್ಚುವ ಪದಾರ್ಥ ಬೆರಕೆಯಲ್ಲಿ ಸುಮ್ಮನಿರಬಹುದು ಎಂಬುದಕ್ಕೆ ಪುರಾವೆಯೂ ಇದೆ. 2006ರಲ್ಲಿ ಡ್ರೇಲೋಸ್ ಮತ್ತು ಡಿನಾರ್ಡೊ ಎಂಬಿಬ್ಬರು ಇಂಥ ಕಳಂಕಿತ ಪದಾರ್ಥಗಳಿದ್ದ ಸಿದ್ಧ ಕ್ರೀಮುಗಳನ್ನೇ ಮನುಷ್ಯರ ಬೆನ್ನಿಗೆ ಹಚ್ಚಿ ನೋಡಿ, ಕ್ರೀಮಿನಲ್ಲಿ ಆ ಪದಾರ್ಥವಿದ್ದ ಮಾತ್ರಕ್ಕೆ ಕ್ರೀಮು ರಂಧ್ರ ಮುಚ್ಚುತ್ತದೆ ಎನ್ನಲಾಗದು ಎಂದರು. ಪಂಡಿತರು ಇಲ್ಲಿ ಬಿಡುವವರಲ್ಲ. ‘ಎಷ್ಟು ಜನರ ಬೆನ್ನು?’ ಎಂದು ಕೇಳುತ್ತಾರೆ. 6 ಜನರದು. ‘ಬರೀ ಆರು?’ ಎಂದು ನಗುತ್ತಾರೆ. ನಗು ನ್ಯಾಯವಾದದ್ದೇ, ಆರು ಜನ ಕಡಿಮೆಯೇ. ಆದರೆ ಅವರ ಮೊಬೈಲಿನ ಪಟ್ಟಿಯ ಹಿಂದೆ ಎಷ್ಟು ಮನುಷ್ಯರಿದ್ದಾರೆ ಎಂದು ಮರುಪ್ರಶ್ನೆ ಹಾಕಿದರೆ ಬಹುತೇಕ ಸಾಲುಗಳಿಗೆ ಉತ್ತರ ಸೊನ್ನೆ. ಹಾಗಾದರೆ ‘ನಾನ್-ಕಾಮೆಡೋಜೆನಿಕ್’ (ರಂಧ್ರ ಮುಚ್ಚದ್ದು) ಎಂದು ಡಬ್ಬಿಯ ಮುಂಭಾಗದಲ್ಲೇ ಬರೆದಿರುತ್ತಾರಲ್ಲ, ಅದನ್ನಾದರೂ ನಂಬಬಹುದೇ? ಅಮೆರಿಕದಲ್ಲಿ ಸಹ ಆ ಪದಕ್ಕೆ ಕಾನೂನಿನ ವ್ಯಾಖ್ಯಾನವಿಲ್ಲ. ಯಾವ ಪರೀಕ್ಷೆ ಮಾಡಿ ಹಾಗೆ ಬರೆಯಬೇಕೆಂಬ ಕಟ್ಟಳೆಯೂ ಇಲ್ಲ. ಈ ಒಂದು ವಿಷಯದಲ್ಲಿ ಮುಂಭಾಗ ನಂಬದ ಪಂಡಿತರ ಜಾಣತನಕ್ಕೆ ಪೂರ್ಣ ಅಂಕ ಕೊಡಬೇಕು.

ಪಂಡಿತರ ದೊಡ್ಡ ವಾದ ಇನ್ನೂ ಬಾಕಿಯಿದೆ: ‘ಇರಲಿ, ಪಟ್ಟಿ ತಪ್ಪೇ ಇರಲಿ. ಬೇಡದ್ದನ್ನು ಬಿಟ್ಟರೆ ಹೋಗುವುದೇನು?’ ಬಿಡುವುದಕ್ಕೆ ಖರ್ಚಿಲ್ಲ ಎನ್ನುವುದೇ ಇಲ್ಲಿನ ಮೋಸ. ಮೊಡವೆಗೆ ವೈದ್ಯರು ಬರೆದುಕೊಡುವ ಅಡಾಪಲೀನ್, ಬೆಂಜಾಯ್ಲ್ ಪೆರಾಕ್ಸೈಡ್ ಮೊದಲ ಕೆಲವು ವಾರ ಚರ್ಮ ಒಣಗಿಸುತ್ತವೆ, ಸಿಪ್ಪೆ ಏಳಿಸುತ್ತವೆ, ಉರಿಸುತ್ತವೆ. ಅದನ್ನು ತಡೆದುಕೊಳ್ಳಲು ಮಾಯಿಶ್ಚರೈಸರ್ ಬೇಕು, ಬಿಸಿಲಿಗೆ ಸನ್‌ಸ್ಕ್ರೀನ್ ಬೇಕು. ಪಂಡಿತರ ಮಡಿಗೆ ಇವೆರಡರಲ್ಲಿ ಯಾವ ಡಬ್ಬಿಯೂ ಒಗ್ಗುವುದಿಲ್ಲ; ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ಪಾಚಿಯ ಸಾರ. ಮುಖ ಉರಿಯತೊಡಗಿ ಎರಡನೆಯ ವಾರಕ್ಕೆ ಔಷಧಿಯನ್ನೇ ನಿಲ್ಲಿಸುತ್ತಾರೆ, ಎರಡರಿಂದ ಮೂರು ತಿಂಗಳು ಹಚ್ಚದೆ ಫಲ ಹೇಳಲಾಗದ ಔಷಧಿಯನ್ನು. ‘ಆದರೆ ನಾನು ಆ ಕ್ರೀಮು ಬಿಟ್ಟ ಮೇಲೆ ಕಡಿಮೆಯಾಯಿತಲ್ಲ’ ಎಂಬ ಮಾತಿಗೂ ಉತ್ತರ ಕೊಡಬೇಕು. ಕಣ್ಣಿಗೆ ಕಾಣುವ ಮೊಡವೆ ಒಳಗೆ ಹಲವು ವಾರಗಳ ಹಿಂದೆಯೇ ಸಣ್ಣ ಗಂಟಾಗಿ ಶುರುವಾಗಿರುತ್ತದೆ, ಮತ್ತು ಮೊಡವೆ ತನ್ನಷ್ಟಕ್ಕೆ ಏರುತ್ತ ಇಳಿಯುತ್ತ ಇರುವ ಕಾಯಿಲೆ. ಮೊನ್ನೆ ಕೊಂಡ ಕ್ರೀಮಿನ ಮೇಲೆ ಇವತ್ತಿನ ಗುಳ್ಳೆಯ ಆರೋಪ ಹೊರಿಸುವುದು ತಾರೀಖಿನ ಲೆಕ್ಕದಲ್ಲೇ ಕೂಡುವುದಿಲ್ಲ.

ಮಡಿಯ ಇನ್ನೊಂದು ಗುಣವೆಂದರೆ ಅಡುಗೆಮನೆಯ ಹೊಸ್ತಿಲು ದಾಟಿದರೆ ಅದರ ಕಣ್ಣು ಕಾಣುವುದಿಲ್ಲ. ಪಂಡಿತರು ಅಂಗಡಿಯಿಂದ ಹೊರಬಿದ್ದು ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯ ಸಾಲಿನಲ್ಲಿ ನಿಂತು ಶ್ರೂಸ್‌ಬರಿ ಬಿಸ್ಕತ್ತು ಕೊಳ್ಳುತ್ತಾರೆ. ಆ ಡಬ್ಬಿಯನ್ನು ಅಂಗಾತ ಮಾಡುವ ಯೋಚನೆಯೂ ಬರುವುದಿಲ್ಲ. (ಮೈದಾ ಸಕ್ಕರೆ ಕಡಿಮೆ ಮಾಡಿದರೆ ಮೊಡವೆ ಇಳಿಯುತ್ತದೆಯೇ ಎಂದು ಆಸ್ಟ್ರೇಲಿಯಾದಲ್ಲಿ 43 ಹುಡುಗರ ಮೇಲೆ 12 ವಾರ ನಡೆದ, 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದಿಷ್ಟು ಇಳಿದಿತ್ತು, ಆದರೂ ಕಯಾನಿಯ ಸಾಲಿನಲ್ಲಿ ನಿಂತವರಿಗೆ ಅದನ್ನು ಹೇಳುವಷ್ಟು ಕ್ರೂರಿಯಾಗಬಾರದು.) ಆಮೇಲೆ ಸ್ಕೂಟಿ ಹತ್ತುವ ಮುಂಚೆ ಪುಣೆಯ ಹೆಣ್ಣುಮಕ್ಕಳ ಪ್ರಸಿದ್ಧ ಶಾಸ್ತ್ರ: ಓಢಣಿಯನ್ನು ತಲೆಗೆ, ಹಣೆಗೆ, ಕೆನ್ನೆಗೆ, ಗದ್ದಕ್ಕೆ ಸುತ್ತಿ, ಎರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ಬಿಗಿದು, ಹಿಂದೆ ಗಂಟು. ಗಂಡಸು ಪಂಡಿತರಿಗೆ ಹೆಲ್ಮೆಟ್ಟಿನ ಗದ್ದದ ಪಟ್ಟಿ. ಒತ್ತಡ, ತಿಕ್ಕಾಟ, ಬೆವರು ಸೇರಿದಲ್ಲಿ ಮೊಡವೆ ಏಳುತ್ತದೆಂದು ಅದೇ ಮಿಲ್ಸ್ ಮತ್ತು ಕ್ಲಿಗ್ಮನ್ 1975ರಲ್ಲೇ ಬರೆದಿಟ್ಟಿದ್ದಾರೆ. ಪಂಡಿತರು ಅವರ ಮೊಲವನ್ನು ಮಾತ್ರ ಇಟ್ಟುಕೊಂಡರು. ಓಢಣಿಯ ಕೆಳಗೆ ಹಣೆಗೆ ಇಳಿಯುತ್ತಿರುವ ತಲೆಯ ಎಣ್ಣೆಯೂ ಇದೆ. ಕ್ರೀಮಿನಲ್ಲಿ ತೊಟ್ಟು ಕೊಬ್ಬರಿ ಎಣ್ಣೆ ಕಂಡರೆ ಬಿಡುವವರು ತಲೆಗೆ ಅಂಗೈ ತುಂಬ ಅದನ್ನೇ ಹಾಕಿಕೊಂಡಿರುತ್ತಾರೆ. ತಲೆಗೆ ಹಚ್ಚುವ ಜಿಡ್ಡಿನಿಂದ ಹಣೆಯಂಚಿನಲ್ಲಿ ಮೊಡವೆ ಬರುವುದನ್ನು ವೈದ್ಯರು 1970ರಲ್ಲೇ ದಾಖಲಿಸಿದ್ದಾರೆ. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂದು ವರ್ಷಗಟ್ಟಲೆ ತೆರಿಗೆ ವ್ಯಾಜ್ಯ ನಡೆದು, ಅದನ್ನು ಖಾದ್ಯ ತೈಲವೆಂದೇ ಎಣಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಖಾದ್ಯವೆಂದ ಮೇಲೆ ಪಂಡಿತರ ಪಟ್ಟಿ ಅದರ ಕಡೆ ತಲೆಹಾಕುವುದೇ ಇಲ್ಲ.

ನಗುವಿಗೆ ಆಸ್ಪದವಿಲ್ಲದ ಸಂಗತಿಯೂ ಒಂದಿದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಮುಖ ಬೆಳ್ಳಗಾಗುತ್ತದೆ, ಗುಳ್ಳೆ ಹೋಗುತ್ತದೆ ಎಂದು ಕೈಯಿಂದ ಕೈಗೆ ದಾಟುವ ಸ್ಟೀರಾಯ್ಡ್ ಟ್ಯೂಬುಗಳು. ಇವು ಔಷಧಿಗಳಾದ್ದರಿಂದ ಇವುಗಳ ಮೇಲೆ ಕಾಸ್ಮೆಟಿಕ್ಸಿನ ಹಾಗೆ ಉದ್ದ ಪಟ್ಟಿ ಇರುವುದಿಲ್ಲ. ಎರಡು ಮೂರು ಹೆಸರು, ಕೊನೆಗೆ ‘ಕ್ರೀಮ್ ಬೇಸ್’, ಅಷ್ಟೇ. ಪಂಡಿತರ ಪಟ್ಟಿಯಲ್ಲಿ ಬೀಟಾಮೆಥಾಸೋನ್ ಇಲ್ಲ, ಕ್ಲೋಬೆಟಾಸಾಲ್ ಇಲ್ಲ. ಎಣ್ಣೆ ಹುಡುಕುವ ಕಣ್ಣಿಗೆ ಇದರಷ್ಟು ಮಡಿಯಾದ ಡಬ್ಬಿ ಇನ್ನೊಂದಿಲ್ಲ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಖದ ತೊಂದರೆಗೆಂದು ಬಂದ 2,926 ರೋಗಿಗಳಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು; ಅವರಲ್ಲಿ ಕಂಡ ಅಡ್ಡಪರಿಣಾಮಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಮೊಡವೆಯೇ. ಸರ್ಕಾರ 2018ರಲ್ಲಿ ಇಂಥ 14 ಸ್ಟೀರಾಯ್ಡುಗಳನ್ನು ಚೀಟಿ ಬೇಕೇ ಬೇಕಾದ ಔಷಧಿಗಳ ಸಾಲಿಗೆ ಸೇರಿಸಿತು. ಹನ್ನೊಂದನೆಯ ಹೆಸರಿಗೆ ಹೆದರಿ ಕ್ರೀಮು ಬಿಟ್ಟವರು ಮೊದಲನೆಯ ಹೆಸರನ್ನೇ ಗುರುತಿಸದೆ ಟ್ಯೂಬು ಹಿಡಿದು ಮನೆಗೆ ಹೋಗುವುದು ಪಟ್ಟಿಯ ಪಾಂಡಿತ್ಯಕ್ಕೆ ಇರುವ ಅತಿ ಕೆಟ್ಟ ಸಾಕ್ಷಿ.

ಹಾಗಾದರೆ ಓದುವುದೇ ಬೇಡವೇ ಎಂದು ಪಂಡಿತರು ಸಿಟ್ಟಾಗುತ್ತಾರೆ. ಓದಬೇಕು, ಆದರೆ ತಮ್ಮ ಮುಖದಿಂದ ಡಬ್ಬಿಯ ಕಡೆಗೆ ಓದಬೇಕು. ಒಂದು ಸಲಕ್ಕೆ ಒಂದೇ ಹೊಸ ಡಬ್ಬಿ, ಅದಕ್ಕೆ ಒಂದೂವರೆ ಎರಡು ತಿಂಗಳ ಗಡುವು. ಹಾಗೆ ಕೈಕೊಟ್ಟ ಎರಡು ಮೂರು ಡಬ್ಬಿಗಳ ಬೆನ್ನಿನಲ್ಲಿ ಮೇಲಿನ ಸಾಲುಗಳಲ್ಲೇ ಒಂದು ಹೆಸರು ಪದೇಪದೇ ಸಿಕ್ಕಿದರೆ ಅದನ್ನು ತಮ್ಮ ಮಟ್ಟಿಗೆ ಬಿಡಲಿ. ಮೊಲ ಅದಕ್ಕೆ ಸೊನ್ನೆ ಕೊಟ್ಟಿದ್ದರೂ ಬಿಡಲಿ. ಗಂಟುಗಂಟಾಗಿ ಎದ್ದು ಕಲೆ ಉಳಿಸುವ ಮೊಡವೆಯಾದರೆ ಅಂಗಡಿ ಬಿಟ್ಟು ಚರ್ಮವೈದ್ಯರ ಕಡೆ ನಡೆಯಲಿ. ಪಂಡಿತರಿಗೆ ಇದೆಲ್ಲ ಒಪ್ಪಿಗೆಯಾಗುವುದೂ ಉಂಟು, ಯಾಕೆಂದರೆ ಪುರಾವೆ ಎಂದರೆ ಅವರಿಗೆ ಗೌರವ. ಓಢಣಿಯ ಮಾತು ಅವರಿಗೆ ಬಹಳವೇ ನಾಟುತ್ತದೆ. ಆ ರಾತ್ರಿಯೇ ಸುತ್ತುವುದನ್ನು ಸಡಿಲ ಮಾಡಬೇಕು, ದಿನಾ ಒಗೆಯಬೇಕು ಎಂದು ನಿರ್ಧಾರವಾಗುತ್ತದೆ. ಓಢಣಿ ಬಕೆಟ್ಟಿಗೆ ಬೀಳುತ್ತದೆ. ಆಮೇಲೆ ಸೋಪಿನ ಪುಡಿಯ ಪಾಕೀಟನ್ನು ಕೈಗೆತ್ತಿಕೊಂಡು, ಅಂಗಾತ ಮಾಡಿ, ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸುತ್ತಾರೆ.