ಗಾಳಿಗೆ ತೂಕ ಗೊತ್ತಿಲ್ಲ

ಮನ್ನಾಏಖೇಳ್ಳಿಯ ಅಳಿಯನಿಗೆ ಎಳ್ಳಮಾವಾಸ್ಯೆಯಲ್ಲಿ ಎರಡೇ ಕೆಲಸ. ಒಂದು, ಹೊಲದಲ್ಲಿ ಕೂತು ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯನ್ನು ‘ಸಾಕು’ ಎನ್ನದೆ ಹೊಟ್ಟೆಗಿಳಿಸುವುದು. ಎರಡು, ಮರುದಿನ ಹೈದರಾಬಾದಿಗೆ ಹೊರಡುವಾಗ ಕಾರಿಗೂ ಅದೇ ಉಪಚಾರ ನಡೆಯುವುದನ್ನು ಕೈಕಟ್ಟಿ ನೋಡುವುದು. ಜೋಳದ ಚೀಲ, ತೊಗರಿಬೇಳೆ, ಬೆಲ್ಲದ ಪೆಂಟೆ, ಕುಸುಬಿ ಎಣ್ಣೆಯ ಡಬ್ಬಿ, ಹಸಿ ಶುಂಠಿ. ಬೀದರ್ ಜಿಲ್ಲೆಯಲ್ಲಿ ಶುಂಠಿ ಬೆಳೆಯುತ್ತಾರೆ, ನಿಜ. ಬೆಳೆದದ್ದೆಲ್ಲ ನಮ್ಮ ಮನೆಯ ಚಹಾಕ್ಕೇ ಎಂದು ಅತ್ತೆಯವರಿಗೆ ಯಾರು ಹೇಳಿದರೋ!

ಡಿಕ್ಕಿ ತುಂಬಿತು ಎಂದ ಕೂಡಲೇ ಎಲ್ಲರ ಕಣ್ಣೂ ಕಾರಿನ ನೆತ್ತಿಗೆ ಹೋಗುತ್ತದೆ. ಅಲ್ಲಿ ನಾನೇ ದುಡ್ಡು ಕೊಟ್ಟು ಕೂರಿಸಿದ ಕ್ಯಾರಿಯರ್ ಇದೆ. ಕ್ರಾಸಿನಲ್ಲಿ ನಿಲ್ಲುವ ಕ್ರೂಸರ್‌ಗಳನ್ನು ದಿನಾ ನೋಡುವವರ ಲೆಕ್ಕದಲ್ಲಿ, ಟಾಪಿನ ಮೇಲೆ ಏನೂ ಇಲ್ಲದ ಗಾಡಿ ಇನ್ನೂ ಹೊರಡಲು ತಯಾರಾಗಿಲ್ಲ. ಹಾಗಾಗಿ ಹಸಿ ಕಡಲೆ ಗಿಡದ ಹೊರೆಯೊಂದು ಮೇಲೇರಿತು. ನಾನು ಬೇಡವೆಂದೆ. ಮಾವ ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು.

“ಎತ್ತಿ ನೋಡ್ರಿ, ಭಾರಾನೇ ಇಲ್ಲ. ಜ್ವಾಳದ ಚೀಲಕ್ಕ ಬ್ಯಾಡ ಅನ್ನಲಿಲ್ಲ, ಇದಕ್ಯಾಕ ಬ್ಯಾಡ ಅಂತೀರಿ?”

ಪ್ರಶ್ನೆ ನ್ಯಾಯವಾದದ್ದೇ. ಮನೆಯ ಲೆಕ್ಕವೆಲ್ಲ ಕಿಲೋದಲ್ಲಿ. ಗಾಳಿಗೆ ಮಾತ್ರ ತೂಕದ ಗೊಡವೆಯಿಲ್ಲ, ಎದುರಿಗೆ ಎಷ್ಟು ಅಗಲ ನಿಂತಿದೆ, ಎಷ್ಟು ಒಡ್ಡೊಡ್ಡಾಗಿದೆ ಎಂಬುದಷ್ಟೇ ಅದಕ್ಕೆ ಬೇಕು. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ಕಾರಿನೊಳಗೆ ಹೆಚ್ಚುವರಿ 45 ಕಿಲೋ ಇಟ್ಟರೆ ಮೈಲೇಜ್ ಇಳಿಯುವುದು ಸುಮಾರು ಶೇ. 1. ಅದೇ ನೆತ್ತಿಯ ಮೇಲೊಂದು ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಹೋದರೆ ಶೇ. 10ರಿಂದ 25. ಪೆಟ್ಟಿಗೆಗೆ ನುಣುಪಾದ ಮೈಯಾದರೂ ಇರುತ್ತದೆ. ಕಡಲೆ ಗಿಡಕ್ಕೆ ಎಲೆ ಎಲೆಗೂ ಗಾಳಿಯೊಡನೆ ಜಗಳ.

ಮಾವ ಸುಮ್ಮನಾಗುವವರಲ್ಲ. “ಅಂಬಾಸಿಡರ್ ಮ್ಯಾಲ ಮದವಿ ಭಾಂಡೆ ಎಲ್ಲಾ ಹೇರಕೊಂಡು ಹುಮನಾಬಾದಕ್ಕ ಹೋಗೀವಿ. ಎವರೇಜ್ ಏನೂ ಕಡಿಮಿ ಆಗಿಲ್ಲ.”

ಅದೂ ಸುಳ್ಳಲ್ಲ. ಆಗಿನದು 9ನೇ ನಂಬರಿನ ಹಳೆಯ ಹೆದ್ದಾರಿ, ಎದುರಿಂದ ಬರುವ ಲಾರಿಗಳು ಯಾರನ್ನೂ 60 ದಾಟಗೊಡುತ್ತಿರಲಿಲ್ಲ. ಕ್ಯಾರಿಯರಿನ ಪಾಪ ಬಯಲಾಗಬೇಕಾದರೆ ವೇಗ ಬೇಕು. ಈಗ ಅದೇ ರಸ್ತೆ 65 ಎಂಬ ಹೊಸ ನಂಬರು ಹೊತ್ತು ನಾಲ್ಕು ಪಥವಾಗಿ ಮಲಗಿದೆ. ಕಾಲು ತಾನಾಗಿ ಕೆಳಗಿಳಿಯುತ್ತದೆ. 60ರಿಂದ 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂ ಕಾಲು ಪಟ್ಟು. ಸರ್ಕಾರ ರಸ್ತೆ ಅಗಲ ಮಾಡಿತು, ಮಾವ ಹೊರೆ ಅಗಲ ಮಾಡಿದರು. ನಡುವೆ ಪೆಟ್ರೋಲ್ ಹಾಕಿಸುವವನು ನಾನು.

“ಹಂಗಾದ್ರ ಸಾವಕಾಶ ಹೋಗ್ರಿ,” ಎಂದರು ಮಾವ. ಇಡೀ ವಾದದಲ್ಲಿ ವಿಜ್ಞಾನಕ್ಕೆ ಅತಿ ಹತ್ತಿರ ಬಂದ ಮಾತು ಅದೇ ಎಂದು ಒಪ್ಪಲೇಬೇಕು. ಎಳ್ಳಮಾವಾಸ್ಯೆ ಬರುವುದು ಕಬ್ಬು ನುರಿಸುವ ಕಾಲಕ್ಕೆ ಸರಿಯಾಗಿ. ಎರಡೆರಡು ಟ್ರೇಲರ್ ಎಳೆದುಕೊಂಡು, ರಸ್ತೆಯನ್ನೆಲ್ಲ ತುಂಬಿ ತೇಲಾಡುತ್ತ ಸಾಗುವ ಕಬ್ಬಿನ ಟ್ರಾಕ್ಟರಿನವನು ಗಾಳಿಯ ತಡೆಯ ಬಗ್ಗೆ ಎಂದಾದರೂ ತಲೆ ಕೆಡಿಸಿಕೊಂಡಿದ್ದಾನೆಯೇ? ಅವನ ವೇಗಕ್ಕೆ ಗಾಳಿಯೇ ದಾರಿ ಬಿಟ್ಟು ನಿಲ್ಲುತ್ತದೆ. ಹಿಂದಿನ ಲೈಟೊಂದು ಹಾಕಿಸಿಕೊಂಡರೆ ಅವನಷ್ಟು ಆದರ್ಶ ಚಾಲಕ ಇನ್ನೊಬ್ಬನಿಲ್ಲ.

ದಾರಿ ತೋರಿಸಿದವರು ಕಡೆಗೆ ಅತ್ತೆ. ಹೊರೆಯನ್ನು ಅಂಗಳಕ್ಕೆ ಇಳಿಸಿ ಎಲ್ಲರನ್ನೂ ಸುತ್ತ ಕೂರಿಸಿದರು. ಮಾತಾಡುತ್ತ ಮಾತಾಡುತ್ತ ಕಾಯಿ ಬಿಡಿಸಿದ್ದಾಯಿತು. ಗಿಡ ಎಮ್ಮೆಗೆ, ಕಾಯಿ ಒಂದು ಸಣ್ಣ ಕೈಚೀಲಕ್ಕೆ. ನಾಲ್ಕಾಳಗಲ ಇದ್ದ ಗಾಳಿಯ ವೈರಿ ಸೀಟಿನ ಕೆಳಗೆ ಹೋಗಿ ಕೂತಿತು. ನಾನು ಅದೇ ಹುರುಪಿನಲ್ಲಿ ಉಳಿದ ಕೆಲಸವನ್ನೂ ಮುಗಿಸಿದೆ: ಜೋಳದ ಚೀಲವನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಅಡಿಯಲ್ಲಿ ಮಲಗಿಸಿದೆ, ಬಾಗಿಲ ಬಳಿಯ ಚೀಟಿಯಲ್ಲಿ ಪೂರ್ತಿ ಲೋಡಿಗೆ ಹೇಳಿದಷ್ಟು ಗಾಳಿಯನ್ನು ಟೈರಿಗೆ ತುಂಬಿಸಿದೆ. (ಗಾಳಿ ಟೈರಿನೊಳಗಿದ್ದರೆ ನೆಂಟ.) ಖಾಲಿ ಕ್ಯಾರಿಯರೂ ಪೆಟ್ರೋಲ್ ಕುಡಿಯುತ್ತದೆಂದು ಅದನ್ನೂ ಬಿಚ್ಚಿದೆ. ಅತ್ತೆ ಅದನ್ನು ನೋಡಿದ ರೀತಿಯಲ್ಲೇ ಹಪ್ಪಳ ಒಣಗಿಸುವ ಯೋಜನೆ ಕಾಣಿಸಿತು. ಶುಂಠಿ, ಬೆಲ್ಲ ಎರಡನ್ನೂ ಮಾವ ಬಸ್ಸಿಗೆ ಹಾಕಿ ಕಳಿಸುವುದೆಂದಾಯಿತು.

ಇಷ್ಟೆಲ್ಲ ಆಗಿ ಹಿಂದಿನ ಸೀಟಿನಲ್ಲಿ ಒಂದು ಜಾಗ ಖಾಲಿ ಬಿತ್ತು. ಖಾಲಿ ಜಾಗವನ್ನು ಆ ಊರು ಸಹಿಸುವುದಿಲ್ಲ. ಜಹೀರಾಬಾದಿನಲ್ಲಿ ಇಳಿಯುವ ದೂರದ ಕಾಕಾ ಒಬ್ಬರು ಆಗಲೇ ಪಟಕಾ ಸುತ್ತಿಕೊಂಡು, ತೊಡೆಯ ಮೇಲೊಂದು ಗಂಟಿಟ್ಟುಕೊಂಡು ಕೂತಾಗಿತ್ತು. ಎರಡು ಜೋಳದ ಚೀಲದ ಆಳು. ಒಳಗೆ ಕೂತವರಿಗೆ ಗಾಳಿ ತಾಗದು, ಹೋದರೆ ಶೇ. 2 ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಗಾಡಿ ಬಿಟ್ಟೆ. ಹೆದ್ದಾರಿಗೆ ಏರಿ 80 ಮುಟ್ಟುವಷ್ಟರಲ್ಲಿ ಹಿಂದಿನಿಂದ ಕಾಕಾ ಕೇಳಿದರು:

“ಗ್ಲಾಸ್ ಎಲ್ಲಾ ಕೆಳಗ ಇಳಸ್ರಿ, ಜರಾ ಗಾಳಿ ಬರ್ಲಿ.”