ಗುಮ್ಮಟದ ಗಜಕಡ್ಡಿ

ಪ್ರವಾಸಕ್ಕೆ ಹೊರಟವರು ಊರು ಬಿಟ್ಟು ಹೋಗುತ್ತಾರೆಂದು ನಾನು ಬಹುಕಾಲ ನಂಬಿದ್ದೆನು. ನಮ್ಮ ಮಾಸ್ತರರೊಡನೆ ಒಂಬತ್ತು ದಿವಸ ಒಂದೇ ಬಸ್ಸಿನಲ್ಲಿ ಕುಳಿತು ಬಂದ ತರುವಾಯ ಆ ನಂಬಿಕೆ ಉಳಿಯಲಿಲ್ಲ. ಅವರು ಊರನ್ನು, ಊರೆಂದರೆ ಬರಿಯ ಸಿಂದಗಿಯನ್ನಲ್ಲ, ಸಮಗ್ರ ವಿಜಾಪುರ ಜಿಲ್ಲೆಯನ್ನು, ಅದರ ನೆತ್ತಿಯ ಮೇಲಿನ ಗೋಳಗುಮ್ಮಟ ಸಮೇತವಾಗಿ, ಬಗಲಚೀಲದಲ್ಲಿ ರೊಟ್ಟಿಯ ಗಂಟಿನ ಪಕ್ಕಕ್ಕೆ ಇಟ್ಟುಕೊಂಡೇ ಬಸ್ಸು ಹತ್ತಿದ್ದರು. (2014ರಿಂದ ಜಿಲ್ಲೆಯ ಹೆಸರು ವಿಜಯಪುರವೆಂದಾಗಿದೆಯಷ್ಟೆ, ಆ ಆಜ್ಞಾಪತ್ರ ಮಾಸ್ತರರ ನಾಲಗೆಗೆ ಇನ್ನೂ ತಲುಪಿಲ್ಲ.)

ಇಂಥವರು ನಮ್ಮ ಭಾಗದಲ್ಲಿ ಅಪೂರ್ವರೇನಲ್ಲ. ಇಂಡಿಯಲ್ಲಿ ನಿಂಬೆಯ ವ್ಯಾಪಾರಿಯಾಗಿಯೋ, ಮುದ್ದೇಬಿಹಾಳದಲ್ಲಿ ಅಡತಿ ಅಂಗಡಿಯ ಸಾಹುಕಾರರಾಗಿಯೋ, ಬಸವನ ಬಾಗೇವಾಡಿಯಲ್ಲಿ ನಿವೃತ್ತ ತಲಾಟಿಯಾಗಿಯೋ ನಾನಾ ವೇಷದಲ್ಲಿ ಇರುತ್ತಾರೆ. ಮಾತಿನ ಮೊದಲಲ್ಲಿ ‘ಇದೇನ್ ಮಹಾ’ ಎಂದೂ ಕೊನೆಯಲ್ಲಿ ‘ನಮ್ಮ ಗುಮ್ಮಟ ನೋಡ್ರಿ’ ಎಂದೂ ಬಂದರೆ ಗುರುತು ಹತ್ತಿತೆಂದು ತಿಳಿಯತಕ್ಕದ್ದು. ನಮ್ಮ ಪಾಲಿಗೆ ಬಂದವರು ಮಾತ್ರ ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ಹೆಡ್ಮಾಸ್ತರರಾಗಿ ನಿವೃತ್ತರಾದವರು. ಬಿಳಿಯ ನೆಹರು ಶರ್ಟು, ಕಚ್ಚೆ ಧೋತರ, ಬೀಳ್ಕೊಡುಗೆಯ ದಿನ ಶಾಲೆಗೆ ಹಿಂದಿರುಗಿಸಲು ಮರೆತು ಕೊರಳಲ್ಲಿಯೇ ಉಳಿದುಬಿಟ್ಟ ಒಂದು ಸೀಟಿ, ಕೈಯಲ್ಲಿ ನಲವತ್ತೆರಡು ಹೆಸರುಗಳ ಹಾಜರಿ ಪುಸ್ತಕ.

ಪ್ರವಾಸವನ್ನು ಏರ್ಪಡಿಸಿದವರು ಬೇರೆಯವರೇ ಇದ್ದರು. ‘ಐತಿಹಾಸಿಕ ನಗರಗಳು, ಭವ್ಯ ಸ್ಮಾರಕಗಳು, ಹುಲಿಯ ಸಫಾರಿ’ ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ ಅವರ ಕರಪತ್ರವು ನಾಲ್ಕೂ ತಾಲ್ಲೂಕುಗಳ ಚಹಾದಂಗಡಿಗಳಿಗೆ ಬಂದಿತ್ತು. 2008ರಲ್ಲಿ ಹೊರಟ ಗೋಲ್ಡನ್ ಚಾರಿಯಟ್ ಎಂಬ ವಿಲಾಸಿ ರೈಲು ಸಿರಿವಂತರಿಗೆ ತೋರಿಸುವ ಬಾದಾಮಿ, ಹಂಪಿ, ಮೈಸೂರು, ಕಾಡುಗಳನ್ನೇ ಈ ಬಸ್ಸು ನಮಗೆ ತೋರಿಸತಕ್ಕದ್ದಾಗಿತ್ತು. ಭೇದವೆಂದರೆ, ಅಲ್ಲಿ ಊಟವನ್ನು ರೈಲಿನವರು ಬಡಿಸುತ್ತಾರೆ, ಇಲ್ಲಿ ಎರಡು ಚೀಲ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿಗಳನ್ನು ನಾವೇ ಹೊತ್ತಿದ್ದೆವು. ಕಂಪನಿಯ ಕಡೆಯಿಂದ ಗೈಡನಾಗಿ ಬಂದ ಹುಡುಗನನ್ನು ಮಾಸ್ತರರು ಇಂಡಿಯಿಂದ ಸಿಂದಗಿಗೆ ಬರುವುದರೊಳಗಾಗಿ ಸಹಾಯಕ ಶಿಕ್ಷಕನ ಹುದ್ದೆಗೆ ಇಳಿಸಿದ್ದರು.

ಬಾಗೇವಾಡಿಯಲ್ಲಿ ಬಸವಣ್ಣನ ಗುಡಿಗೆ ಕೈಮುಗಿದು, ಮುದ್ದೇಬಿಹಾಳದಲ್ಲಿ ಕಡೆಯ ಹತ್ತು ಮಂದಿಯನ್ನು ಹತ್ತಿಸಿಕೊಂಡು, ತಂಗಡಗಿಯ ಬಳಿ ಕೃಷ್ಣೆಯನ್ನು ದಾಟುವ ಹೊತ್ತಿಗೆ ಮೊದಲನೆಯ ಸೀಟಿ ಮೊಳಗಿತು. ಬಸ್ಸು ನಿಂತಿತು. “ರಕ್ಕಸ-ತಂಗಡಿ ಅಂತ ನಿಮಗ ಕಲಿಸಿದ್ದಿಲ್ಲೇನು? 1565ನೇ ಇಸವಿ, ಜನವರಿ ತಿಂಗಳು. ಅಕಡೆ ವಿಜಯನಗರದ ರಾಮರಾಯ, ಇಕಡೆ ನಮ್ಮವರು. ನಮ್ಮವರು ಗೆದ್ರು!” ಎಂದು ಹೊಳೆಯ ಕಡೆಗೆ ಕೈ ಚಾಚಿದ ಮಾಸ್ತರರ ಮುಖದಲ್ಲಿ, ನಿನ್ನೆ ಸಂಜೆಯೇ ದಂಡಿನಿಂದ ಮನೆಗೆ ಬಂದವರ ಕಳೆಯಿತ್ತು. ಆ ‘ನಮ್ಮವರು’ ಎಂಬ ಸರ್ವನಾಮವನ್ನು ವಾಚಕರು ನೆನಪಿನಲ್ಲಿ ಇಡಬೇಕು; ಅದು ಮುಂದೆ ಬಹಳ ಕಷ್ಟಪಟ್ಟಿತು.

ಐಹೊಳೆ, ಪಟ್ಟದಕಲ್ಲು, ಬಾದಾಮಿಗಳಲ್ಲಿ ಅವರು ಪರಮ ಉದಾರರಾಗಿದ್ದರು. ಕಾರಣವಿಷ್ಟೆ: 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ಪರಿಯಂತ ಅವೆಲ್ಲವೂ ವಿಜಾಪುರದವೇ ಆಗಿದ್ದವು, ಮತ್ತು ಮಾಸ್ತರರು ಚಾಲುಕ್ಯರನ್ನು ಇನ್ನೂ ಬಾಗಲಕೋಟೆಗೆ ಬಿಟ್ಟುಕೊಟ್ಟಿರಲಿಲ್ಲ.

ಹಂಪಿಯಲ್ಲಿ ತೊಡಕು ಆರಂಭವಾಯಿತು. ವಿಜಯವಿಠ್ಠಲ ಗುಡಿಯ ಸಂಗೀತಸ್ತಂಭಗಳನ್ನು ಈಗ ಯಾರೂ ಮುಟ್ಟಕೂಡದು. ಹಿಂದೆ ಬೆರಳಿನಿಂದ ತಟ್ಟಿದರೆ ಸ್ವರ ಹೊರಡುತ್ತಿತ್ತೆಂದು ಸ್ಥಳದ ಮಾರ್ಗದರ್ಶಿ ವರ್ಣಿಸಿದನು. ಮಾಸ್ತರರು ಕರುಣೆಯಿಂದ ಕೇಳಿ, “ತಟ್ಟಬೇಕಾತು ಹಂಗಾದ್ರ” ಎಂದರು. “ನಮ್ಮಲ್ಲಿ ತಟ್ಟೂದು ಬ್ಯಾಡ, ಬಡಿಯೂದು ಬ್ಯಾಡ. ಈ ಗ್ವಾಡಿಗೆ ಬಾಯಿ ಹಚ್ಚಿ ಪಿಸುಮಾತಾಡ್ರಿ, 124 ಫೂಟು ಆಚೆ ಕುಂತಾಂವಗ ಸ್ಪಷ್ಟ ಕೇಳತದ.” ಮಾರ್ಗದರ್ಶಿ ಶಾಂತಸ್ವಭಾವದವನು. ಅವನು ನಮ್ಮನ್ನು ಮುರಿದ ಮಂಟಪಗಳ ಸಾಲಿಗೆ ಕರೆದೊಯ್ದು, ಯುದ್ಧ ಸೋತ ಮೇಲೆ ಈ ಪಟ್ಟಣವನ್ನು ಹೇಗೆ ಕೊಳ್ಳೆಹೊಡೆದರು, ಹೇಗೆ ಸುಟ್ಟರು ಎಂಬುದನ್ನು ಕೇಳುವವರ ಗಂಟಲು ಬಿಗಿಯುವಂತೆ ಹೇಳಿ, ತರುವಾಯ ಸೌಜನ್ಯಕ್ಕಾಗಿ, “ತಾವೆಲ್ಲ ಯಾವೂರಿಂದ ಬಂದಿದೀರಿ ಸಾರ್?” ಎಂದನು.

ಗುಂಪಿನಲ್ಲಿ ತಾಳಿಕೋಟಿಯ ಕಿರಾಣಿ ಅಂಗಡಿಯವರೊಬ್ಬರು ಇದ್ದರು. ಅವರು ನೆಲ ನೋಡಿದರು. ಮುದ್ದೇಬಿಹಾಳದವರು ಒಬ್ಬರ ಮುಖವನ್ನೊಬ್ಬರು ನೋಡಿದರು. ತಂಗಡಗಿಯ ಸೇತುವೆಯ ಮೇಲೆ ಗೆದ್ದುಬಂದ ನಲವತ್ತೆರಡು ಜನರ ದಂಡು ಆ ಮುರುಕು ಕಲ್ಲುಗಳ ನಡುವೆ ಕಳವು ಮಾಲಿನೊಡನೆ ಸಿಕ್ಕವರ ಹಾಗೆ ನಿಂತುಬಿಟ್ಟಿತು. “ತಾಳಿಕೋಟಿ ಕದನ ಅಂತ ಪುಸ್ತಕದಾಗ ಅದ, ಖರೆ. ಆದ್ರ ಕದನ ಆಗಿದ್ದು ನಮ್ಮೂರಾಗಲ್ಲರೀ ಸರ, ಹೆಸರಷ್ಟ ನಮಗ ಬಂತು” ಎಂದು ಕಿರಾಣಿಯವರು ತೊದಲಿದರು.

ಮಾಸ್ತರರು ಕೈಬಿಡುವವರಲ್ಲ. ಕನ್ನಡಕ ಒರೆಸಿಕೊಂಡು, ಕರಿಹಲಿಗೆಯ ಮುಂದೆ ನಿಂತ ಧಾಟಿಯಲ್ಲಿ ಆರಂಭಿಸಿದರು: “ನೋಡಪಾ ತಮ್ಮಾ, ಕೂಡಿ ಬಂದ ಸುಲ್ತಾನರು ನಾಲ್ಕು ಮಂದಿ. ಅಹಮದನಗರದಾಂವ ಒಬ್ಬ, ಗೋವಳಕೊಂಡದಾಂವ ಒಬ್ಬ, ಬೀದರದಾಂವ ಒಬ್ಬ. ವಿಜಾಪುರದ ಅಲಿ ಆದಿಲಶಾಹ ಒಬ್ಬನ. ಅಂದ್ರ ಈ ಪಾಪದಾಗ ನಮ್ಮ ಪಾಲು ಎಷ್ಟಾತು? ನಾಕಾಣೆ.” ರೂಪಾಯಿಯಲ್ಲಿ ಹನ್ನೆರಡಾಣೆ ಪಾಪವನ್ನು ಹೀಗೆ ಅನ್ಯ ಪ್ರಾಂತಗಳಿಗೆ ಹಂಚಿ, “ಅದೂ ನಮ್ಮ ಗುಮ್ಮಟಕ್ಕ ಹತ್ತೂದಿಲ್ಲ, ಗುಮ್ಮಟ ಕಟ್ಟಿಸಿದ ಮಹಮ್ಮದ ಆದಿಲಶಾಹ ತೀರಿಕೊಂಡಿದ್ದು 1656ಕ್ಕ” ಎಂದು ಮುಗಿಸಿದರು. ಕಿರಾಣಿಯವರಿಗೆ ಈ ಲೆಕ್ಕದಿಂದ ಸಮಾಧಾನವಾಗಲಿಲ್ಲವೆಂದು ಕಾಣುತ್ತದೆ. ಸಂಜೆ ವಿರೂಪಾಕ್ಷನ ಹುಂಡಿಯ ಮುಂದೆ ಅವರು ಯಾರಿಗೂ ಕಾಣದಂತೆ ಐವತ್ತು ರೂಪಾಯಿಯ ನೋಟೊಂದನ್ನು ಮಡಿಸಿ ಹಾಕುತ್ತಿರುವುದನ್ನು ನಾನು ನೋಡಿದೆನು. ಆ ನೋಟಿನ ಹಿಂಬದಿಗೆ ಹಂಪಿಯ ಕಲ್ಲಿನ ರಥವೇ ಇತ್ತು.

ಶ್ರವಣಬೆಳಗೊಳದ ಬೆಟ್ಟವನ್ನು ಮಾಸ್ತರರು ಬರಿಗಾಲಲ್ಲಿ ಭಕ್ತಿಯಿಂದಲೇ ಹತ್ತಿದರು. ಆದರೂ ಅಭ್ಯಾಸವೆಂಬುದು ಬಲು ಕೆಟ್ಟದ್ದು. ಸ್ವಾಮಿಯ ಎತ್ತರ 58 ಅಡಿ ಎಂದು ಕೇಳಿದೊಡನೆ ಅವರ ತುಟಿಗಳು ತಮ್ಮಷ್ಟಕ್ಕೆ ಅಲ್ಲಾಡತೊಡಗಿದವು. “ಒಬ್ಬರ ಮ್ಯಾಲ ಒಬ್ಬರು ನಿಂತ್ರೂ ಇಬ್ಬರು ಸಲೀಸ ಹಿಡೀತಾರ ನಮ್ಮ...” ಎನ್ನುವಷ್ಟರಲ್ಲಿ ತಾವು ಏನು ಹೇಳುತ್ತಿದ್ದೇವೆಂದು ಅರಿವಾಗಿ, ಎರಡೂ ಗಲ್ಲ ಬಡಿದುಕೊಂಡು, ಅಡ್ಡಬಿದ್ದು, ಎದ್ದ ಮೇಲೆ ನನ್ನ ಕಿವಿಯಲ್ಲಿ, “ಇದು ಗೊಮ್ಮಟ, ಅದು ಗುಮ್ಮಟ. ಒಂದು ಕೊಂಬಿನ ಮಾತು ಅಷ್ಟ” ಎಂದರು. ಒಂಬತ್ತು ದಿನಗಳಲ್ಲಿ ಅವರು ಮಾಡಿಕೊಂಡ ರಾಜಿ ಇದೊಂದೇ.

ಮೈಸೂರಿನಲ್ಲಿ ರಾಜಿಗೆ ಅವಕಾಶವಿರಲಿಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಆ ಭವನದ ದರ್ಬಾರು ಸಭಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಬಣ್ಣದ ಕಂಬಗಳ ಸಾಲನ್ನು ನೋಡಿ ಮಾತೇ ಮರೆತಿರುವಾಗ, ಮಾಸ್ತರರು ಬೆರಳು ಮಡಿಸುತ್ತ ಕಂಬಗಳನ್ನು ಎಣಿಸುತ್ತಿದ್ದರು. “ಇಷ್ಟ ಕಂಬ ಕೊಟ್ರ ಯಾಂವರೆ ಕಟ್ಟತಾನ. ನಮ್ಮಲ್ಲಿ 18,000 ಚದರ ಫೂಟು. ನಡುವ ಒಂದು ಗೂಟ ತೋರಸ್ರಿ!” ಆ ಕೊನೆಯ ಮಾತನ್ನು ಅವರು ಅರಮನೆಯ ಕಾವಲುಗಾರನನ್ನು ಉದ್ದೇಶಿಸಿ ಆಡಿದ್ದರಿಂದ, ಅವನು ತನ್ನಿಂದ ಏನೋ ಕಳೆದುಹೋಗಿದೆಯೆಂದು ಭಾವಿಸಿ ಸುತ್ತಲೂ ನೋಡಿದನು.

ಬಂಡೀಪುರದಲ್ಲಿ ಅವರ ಗಜಕಡ್ಡಿಗೆ ಮೊದಲ ಬಾರಿ ಕೆಲಸವಿಲ್ಲದಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆಯ್ದ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಅಲ್ಲಿ ಅಳೆಯುವುದಕ್ಕೆ ಕಟ್ಟಡವೇ ಇಲ್ಲ. ಮೊದಲ ದಿನ ಸಂಜೆಯ ಸಫಾರಿಯಲ್ಲಿ ಜಿಂಕೆ, ನವಿಲು, ದೂರದಲ್ಲಿ ಬೆನ್ನು ತೋರಿಸಿ ನಿಂತ ಆನೆ ಇಷ್ಟೇ ಕಂಡವು. ರಾತ್ರಿ ಮಾಸ್ತರರು ಹಾಜರಿ ಪುಸ್ತಕದ ನಲವತ್ತೆರಡನೆಯ ಹೆಸರಿನ ಕೆಳಗೆ ಹೊಸ ಗೆರೆ ಎಳೆದು, ‘43. ಹುಲಿ’ ಎಂದು ದುಂಡಗೆ ಬರೆದು, ಎದುರಿಗೆ ‘ಗೈರು’ ಎಂದು ಹಾಕಿದರು.

ಮರುದಿನ ನಸುಕಿನಲ್ಲಿ, ಮಂಗನಟೊಪ್ಪಿಗೆಗಳೊಳಗಿಂದ ಮೂಗು ಮಾತ್ರ ಕಾಣಿಸುತ್ತ, ನಾವು ಅರಣ್ಯ ಇಲಾಖೆಯ ಎರಡು ಚಿಕ್ಕ ಬಸ್ಸುಗಳಲ್ಲಿ ಹೊರಟೆವು. ಹಾಗೆ ಇಬ್ಭಾಗವಾದದ್ದೇ ಅನರ್ಥಕ್ಕೆ ಮೂಲ. ಲೆಕ್ಕ ತಪ್ಪೀತೆಂಬ ಆತಂಕ ಮಾಸ್ತರರನ್ನು ಕಾಡತೊಡಗಿತು. ಒಂದು ತಿರುವಿನಲ್ಲಿ ಬಸ್ಸಿನ ಚಾಲಕ ಇಂಜಿನ್ ನಿಲ್ಲಿಸಿ, “ಕಾಲ್ ಬರ್ತಿದೆ, ಸುಮ್ನಿರಿ” ಎಂದು ಪಿಸುಗುಟ್ಟಿದನು. ಇಂಡಿಯ ನಿಂಬೆ ವ್ಯಾಪಾರಿಗಳು ಅವಸರದಿಂದ ಕಿಸೆಯಲ್ಲಿದ್ದ ಮೊಬೈಲು ತೆಗೆದು ನೋಡಿದರು. ಹುಲಿಯ ಸುಳಿವು ಹತ್ತಿದ ಜಿಂಕೆ ಕೂಗುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆಂದು ತಿಳಿಯುವಷ್ಟರಲ್ಲಿ, ಎಡಗಡೆಯ ಲಂಟಾನದ ಪೊದೆ ಅಲುಗಿ, ಹುಲಿಯು ದಾರಿಗೆ ಇಳಿಯಿತು. ಯಾವ ಅವಸರವೂ ಇರಲಿಲ್ಲ. ಹೆಗಲಿನ ಎಲುಬುಗಳು ಒಂದಾದ ಮೇಲೊಂದು ಮೇಲೆದ್ದು ಇಳಿಯುತ್ತಿದ್ದವು. ದಾರಿಯ ನಡುವೆ ನಿಂತು, ಮುಖ ತಿರುಗಿಸಿ, ನಮ್ಮನ್ನು ನೋಡಿ, ನೋಡತಕ್ಕದ್ದೇನೂ ಇಲ್ಲವೆಂದು ನಿಶ್ಚಯಿಸಿಕೊಂಡಂತೆ ಆಚೆಯ ಪೊದೆಯೊಳಗೆ ಹೋಯಿತು.

ಈ ಅಷ್ಟೂ ಹೊತ್ತು ಮಾಸ್ತರರು ಚಾಲಕನಿಗೆ ಬೆನ್ನು ಮಾಡಿ, ನಮ್ಮ ಕಡೆಗೆ ಮುಖ ಮಾಡಿ ನಿಂತು, ತಲೆ ಎಣಿಸುತ್ತಿದ್ದರು. ನಾವೆಲ್ಲರೂ ಒಮ್ಮೆಲೇ ಉಸಿರು ಬಿಗಿಹಿಡಿದು ಎದ್ದು ನಿಂತದ್ದನ್ನು ಅಶಿಸ್ತೆಂದು ಬಗೆದು, “ಕುಂಡರ್ರಿ ಕೆಳಗ! ಹದಿನೇಳಕ್ಕ ತಪ್ಪಿಸಿದ್ರಿ” ಎಂದು ಗದರಿಸಿದರು. ಅವರು ತಿರುಗಿ ನೋಡಿದಾಗ ಪೊದೆಯ ಒಂದು ರೆಂಬೆ ಇನ್ನೂ ತೂಗುತ್ತಿತ್ತು.

ಅಂದು ಅವರು ಊಟ ಸರಿಯಾಗಿ ಮಾಡಲಿಲ್ಲ. ರಾತ್ರಿ ಪುಸ್ತಕ ತೆಗೆದು, ಐದಾರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿ, ಸಾಕ್ಷಿಗಳು ಪರಸ್ಪರ ಹೊಂದುತ್ತವೆಂದು ಕಂಡುಕೊಂಡು, ‘ಗೈರು’ ಎಂಬುದನ್ನು ಹೊಡೆದು ‘ಹಾಜರ’ ಎಂದು ತಿದ್ದಿ ಸಹಿ ಮಾಡಿದರು. ಮರಳುವ ದಾರಿಯಲ್ಲಿ ಚಿತ್ರದುರ್ಗ ದಾಟುವ ಹೊತ್ತಿಗೆ ಚೇತರಿಸಿಕೊಂಡಿದ್ದರು. “ಹುಲಿ ಹುಲಿ ಅಂತೀರಲಾ, ಏನ್ ಮಹಾ? ನಮ್ಮ ಮಲಿಕ್-ಎ-ಮೈದಾನ ತೋಪಿನ ಬಾಯಿ ನೋಡೀರಿ? 1549ರಾಗ ಎರಕ ಹೊಯ್ದದ್ದು, 55 ಟನ್ ತೂಕ. ಅದರ ಬಾಯಾಗ ಸಿಂಹ ಆನೀನ ಹಲ್ಲಾಗ ಹಿಡಕೊಂಡದ. ನಿಮ್ಮ ಹುಲಿ ಏನ ಹಿಡಕೊಂಡಿತ್ತು?” ಯಾವುದನ್ನೂ ಹಿಡಿದುಕೊಂಡಿರಲಿಲ್ಲವೆಂದು ನಾವು ಒಪ್ಪಲೇಬೇಕಾಯಿತು.

ಬಸ್ಸಿನ ಮೊದಲ ಸೀಟಿನಲ್ಲಿ ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರ ಆಯಿ ಒಬ್ಬಳಿದ್ದಳು. ಎಪ್ಪತ್ತರ ಮೇಲಿನ ವಯಸ್ಸು. ಒಂಬತ್ತು ದಿನವೂ ಎಲೆ ಅಡಿಕೆ ಕುಟ್ಟಿಕೊಳ್ಳುತ್ತ ಮಾಸ್ತರರ ಪಾಠಗಳನ್ನೆಲ್ಲ ಕೇಳಿಸಿಕೊಂಡವಳು. ಕಾಡಿನಲ್ಲಿ ಹುಲಿಯನ್ನು ಎಲ್ಲರಿಗಿಂತ ಸಮೀಪದಿಂದ ಕಂಡವಳು. ಕಡೆಯ ದಿನದ ನಸುಕಿನಲ್ಲಿ ವಿಜಾಪುರ ಹತ್ತಿರ ಬಂದಂತೆ, ಬಯಲಿನ ಅಂಚಿನಿಂದ, ಮಂಜಿನ ಮೇಲೆ ತೇಲುವಂತೆ, ಗುಮ್ಮಟ ಎದ್ದು ಕಾಣಿಸಿತು. ಮಾಸ್ತರರು ಎದ್ದು ನಿಂತರು. ಸೀಟಿಯನ್ನು ತುಟಿಗೆ ಒಯ್ದರು.

ಆಯಿ ಕಿಟಕಿಗೆ ಹಣೆ ಹಚ್ಚಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದಳು.

“ಮಾಸ್ತರ, ಆ ದುಂಡಂದು ಏನ್ರೀ ಅದು?”

“ಆಯೀ! ಅದs ನಮ್ಮ ಗುಮ್ಮಟ! ನೀ ನೋಡೇ ಇಲ್ಲೇನು?”

“ಇಲ್ಲೋ ಯಪ್ಪಾ. ಇಷ್ಟ ಹತ್ರ ಅದ, ಯಾವಾಗರ ನೋಡಿದ್ರಾತು ಅಂತ ಉಳೀತು.” ಆಯಿ ಮತ್ತೊಮ್ಮೆ ನೋಡಿದಳು. “ದೊಡ್ಡದದ ಬಿಡು. ಆದ್ರ ಆ ಹುಲಿ ನೋಡಿದ ಕಣ್ಣಿಗೆ ಇದೇನ್ ಮಹಾ ಅನಸ್ತದ. ನೀವೂ ನೋಡೀರಲಾ, ನಿಮಗ ಏನ್ ಅನಸ್ತದ?”

ಸೀಟಿ ತುಟಿಯಲ್ಲಿಯೇ ಇತ್ತು. ಮಾಸ್ತರರು ಅದನ್ನು ಮೆಲ್ಲಗೆ ತೆಗೆದು, ನೆಹರು ಶರ್ಟಿನ ಒಳಗೆ ಬಿಟ್ಟುಕೊಂಡು, ಹಾಜರಿ ಪುಸ್ತಕವನ್ನು ತೆರೆದು ಮೊದಲ ಹೆಸರಿನಿಂದ ಎಣಿಸತೊಡಗಿದರು.