ಬಾಡಿಗೆ ಮನೆಯಲ್ಲಿ ದ್ವೈತಾದ್ವೈತ ವಿಚಾರ

ಜೀವನೂ ಬ್ರಹ್ಮನೂ ಒಂದೋ ಬೇರೆಯೋ ಎಂಬ ಬಗ್ಗೆ 14ನೆಯ ಶತಮಾನದಲ್ಲಿ ಮುಳಬಾಗಿಲಿನಲ್ಲಿ ವಿದ್ಯಾರಣ್ಯರಿಗೂ ಅಕ್ಷೋಭ್ಯತೀರ್ಥರಿಗೂ ವಾದ ನಡೆಯಿತೆಂದೂ, ವೇದಾಂತ ದೇಶಿಕರು ಅದಕ್ಕೆ ತೀರ್ಪು ಕೊಟ್ಟರೆಂದೂ ಮಾಧ್ವ ಪರಂಪರೆ ಹೇಳುತ್ತದೆ. ಆ ವಾದ ಇನ್ನೂ ಮುಗಿದಿಲ್ಲ, ಕೋಲಾರ ಜಿಲ್ಲೆಯ ಟು-ಲೆಟ್ ಬೋರ್ಡುಗಳ ಕೆಳಗೆ ಇಂದಿಗೂ ನಡೆಯುತ್ತಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಅಧ್ಯಯನಕ್ಕೆ ಎತ್ತಿಕೊಂಡ ವ್ಯಕ್ತಿ ಅದೇ ಮುಳಬಾಗಿಲಿನ ಬಳಿಯ ಕುರುಡುಮಲೆಯ ಹುಡುಗ. ಶಾಸ್ತ್ರಗ್ರಂಥಗಳ ವಾಡಿಕೆಯಂತೆ ಅವನನ್ನು ದೇವದತ್ತ ಎನ್ನೋಣ. ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಊರಿನಲ್ಲಿ ಮನೆಯೂ ಸಾಲವೂ ತಾತನಿಂದಲೇ ಬಂದಿದ್ದವು. ಅವನ ಮನೆತನ ಬಾಡಿಗೆ ಕೊಟ್ಟದ್ದೇನಿದ್ದರೂ ಟ್ರ್ಯಾಕ್ಟರಿಗೆ, ಶಾಮಿಯಾನಕ್ಕೆ. ಊರ ಗಣಪನದೂ ಅದೇ ಕಥೆ. ಹದಿಮೂರು ಅಡಿ ಮೀರಿದ ಆ ಮೂರ್ತಿ ಮೊದಲು ಬಯಲಲ್ಲೇ ಇತ್ತೆಂದೂ, ವಿಜಯನಗರದ ಅರಸರು ಆಮೇಲೆ ಗುಡಿ ಕಟ್ಟಿಸಿದರೆಂದೂ ಊರವರು ಹೇಳುತ್ತಾರೆ. ಅರಸರು ಅಡ್ವಾನ್ಸ್ ಕೇಳಿದ ಮಾತು ಎಲ್ಲೂ ಬರುವುದಿಲ್ಲ.

ಮನೆ ನೋಡಲು ಹೋದವನನ್ನು ಮೊದಲು ಮನೆಯವರು ನೋಡುತ್ತಾರೆ. ಇದಕ್ಕೆ ನ್ಯಾಯಶಾಸ್ತ್ರದ ಪ್ರಮಾಣಗಳೇ ಆಧಾರ. ಚಪ್ಪಲಿ ನೋಡುವುದು ಪ್ರತ್ಯಕ್ಷ, ಕಂಪನಿಯ ಐಡಿ ಕಾರ್ಡು ಶಬ್ದ. ಅನುಮಾನ ಪ್ರಮಾಣ ಮಾತ್ರ ಸೂಕ್ಷ್ಮವಾದದ್ದು. ಕೋಲಾರದ ಒಂದು ಮನೆಯ ಮೆಟ್ಟಿಲ ಮೇಲೆ ನಡೆದ ಸಂವಾದವನ್ನು ಯಥಾವತ್ತಾಗಿ ಕೊಡುತ್ತೇನೆ:

“ಯಾವೂರಪ್ಪ?”

“ಕುರುಡುಮಲೆ ಅಮ್ಮ.”

“ದೇವಸ್ಥಾನದ ಬೀದೀನಾ, ಆ ಕಡೇನಾ?”

“ಬಸ್ ನಿಲ್ಲೋ ಹತ್ರ.”

“ಮನೆದೇವ್ರು?”

“ಗಣಪತಿ.”

“ಅದು ಎಲ್ರಿಗೂ ದೇವ್ರು. ನಿಮ್ಗೆ?”

ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂದು ತಾರ್ಕಿಕರು. ಎಲ್ಲೆಲ್ಲಿ ಮನೆದೇವರೋ ಅಲ್ಲಲ್ಲಿ ಜಾತಿ ಎಂದು ಮನೆ ಮಾಲೀಕರು. ದೇವದತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜ ಹೇಳಿದ. “ಅಯ್ಯೋ, ನಿನ್ನೇನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರಲ್ಲಪ್ಪ” ಎಂದು ಉತ್ತರ ಬಂತು. ಬೋರ್ಡು ಮುಂದಿನ ವಾರವೂ ಅಲ್ಲೇ ತೂಗುತ್ತಿತ್ತು. ಶಾಸ್ತ್ರದಲ್ಲಿ ಇದಕ್ಕೆ ಹೇತ್ವಾಭಾಸ ಎನ್ನುತ್ತಾರೆ. ಸಂವಿಧಾನ ಓದಿದವರು ಬೇರೆ ಹೆಸರಿನಿಂದ ಕರೆಯುತ್ತಾರೆ.

ಕೊನೆಗೆ ಸಿಕ್ಕಿದ ಮನೆಯಲ್ಲಿ ಕರಾರು ಪತ್ರದ ಕಾಲಗಣನೆ ಎದುರಾಯಿತು. ಪಂಚಾಂಗದಲ್ಲಿ ಕ್ಷಯಮಾಸ ಬಹಳ ಅಪರೂಪ, ಬಾಡಿಗೆಯ ಪಂಚಾಂಗದಲ್ಲಿ ಅದು ಪ್ರತಿವರ್ಷವೂ ಬರುತ್ತದೆ. ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳಿದ್ದರಿಂದ, ಇಡೀ ದೇಶದ ಮಾಲೀಕರು ವರ್ಷಕ್ಕೆ 11 ತಿಂಗಳೆಂದು ನಿರ್ಣಯಿಸಿದ್ದಾರೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದೆಂದು 2021ರಲ್ಲಿ ಕೇಂದ್ರದಿಂದ ಮಾದರಿ ಕಾಯ್ದೆಯೊಂದು ಬಂತು. ಅದರ ಪ್ರಸ್ತಾಪ ಮಾಡಿದ ದೇವದತ್ತನನ್ನು ಬ್ರೋಕರು ಕನಿಕರದಿಂದ ನೋಡಿದ. ಈ ಬ್ರೋಕರು ಎರಡೂ ಪಕ್ಷಗಳನ್ನು ಒಪ್ಪಿ ಎರಡೂ ಕಡೆ ಕಮಿಷನ್ ಪಡೆಯುವುದರಿಂದ ವಿಶಿಷ್ಟಾದ್ವೈತಿ ಎಂದು ನನ್ನ ಮತ.

ಈಗ ಮೂಲ ವಾದಕ್ಕೆ ಬರೋಣ. ಅಡ್ವಾನ್ಸ್ ಎಣಿಸಿಕೊಳ್ಳುವಾಗ ಮಾಲೀಕರು “ನಿಮ್ಮನೆ ಅಂತ್ಲೇ ತಿಳ್ಕೊಳ್ಳಿ” ಎಂದರು. ಇದು ಶುದ್ಧ ಅದ್ವೈತ. ಸಂಜೆ ದೇವದತ್ತ ಗೋಡೆಗೆ ಮೊಳೆ ಇಟ್ಟು ಒಂದೇಟು ಹಾಕಿದ. ಎರಡನೆಯ ಏಟಿಗೆ ಮುಂಚೆ ಮಹಡಿಯಿಂದ ದ್ವೈತ ಇಳಿದು ಬಂತು. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಎಂಬ ಭೇದವೂ ಅಂದೇ ಸ್ಥಾಪಿತವಾಯಿತು. ಸೆಕೆಂಡ್ ಶಿಫ್ಟ್ ಮುಗಿಸಿ ಬರುವವನಿಗೆ ಹತ್ತರ ಮೇಲೆ ಮೋಕ್ಷವಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಾನು ಅದ್ವೈತಿ. ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೋರಮಂಗಲದ ಬಾಡಿಗೆದಾರ ಮಿಂದ ನೀರು ನಮ್ಮ ಕೆರೆ ತುಂಬಿ, ಇಂಗಿ, ಇಲ್ಲಿನ ಬಾಡಿಗೆದಾರನ ಬೋರ್‌ವೆಲ್ಲಿಗೆ ಇಳಿಯುತ್ತದೆ. ಬಾಡಿಗೆದಾರರೆಲ್ಲ ಒಂದೇ ಎನ್ನಲು ಇದಕ್ಕಿಂತ ಪ್ರಬಲ ಪ್ರಮಾಣ ಬೇಕೆ?

ಹನ್ನೊಂದು ತಿಂಗಳು ತುಂಬಿತು. ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಮಿಕ್ಕದ್ದನ್ನು ಕೊಟ್ಟರು. ದೇವದತ್ತ ಮತ್ತೆ ಮನೆ ಹುಡುಕುತ್ತಿದ್ದಾನೆ. ಕೋಲಾರಕ್ಕೂ ನರಸಾಪುರಕ್ಕೂ ನಡುವೆ, ಮನೆದೇವರ ಸುದ್ದಿ ಎತ್ತದ ಮಾಲೀಕರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು. ಹುಡುಗ ಒಳ್ಳೆಯವನು, ಬಾಡಿಗೆ ಐದನೇ ತಾರೀಖಿನೊಳಗೆ ಕೊಡುತ್ತಾನೆ. ಕ್ಯಾಲೆಂಡರಿಗೆ ಒಂದು ಮೊಳೆ ಬೇಕಂತೆ, ಅಷ್ಟೇ.